ವಯೋಮುದ್ರೆಯೂ ಮನೆಯ ಬೀಗವೂ: ವಿಡಿಯೋ ಆಟಗಳ ವರ್ಗೀಕರಣವನ್ನು ಕುರಿತ ಒಂದು ವಿಚಾರ

ಅಮೆರಿಕದಲ್ಲಿ ಮಾರಾಟಕ್ಕೆ ಬರುವ ವಿಡಿಯೋ ಆಟದ ಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ನೋಡಿದರೆ, ಅದರ ಮುಖಭಾಗದ ಕೆಳಮೂಲೆಯಲ್ಲಿ ಕಪ್ಪುಬಿಳುಪಿನ ಸಣ್ಣದೊಂದು ಚೌಕವೂ ಅದರೊಳಗೆ ತುಸು ಓರೆಯಾಗಿ ನಿಂತ ರೋಮನ್ ಅಕ್ಷರವೂ ಕಾಣಬರುವುವು. ಯೂರೋಪಿನ ಪೆಟ್ಟಿಗೆಯಾದರೆ 3, 7, 12, 16, 18 ಎಂಬ ಅಂಕೆಗಳಲ್ಲೊಂದು ಅಚ್ಚಾಗಿರುವುದು. ಈ ಆಟವು ಇಂಥ ವಯಸ್ಸಿನವರಿಗೆ ತಕ್ಕುದು, ಅದಕ್ಕಿಂತ ಕಿರಿಯರಿಗೆ ತಕ್ಕುದಲ್ಲ ಎಂದು ಸಾರುವುದು ಆ ಗುರುತಿನ ಉದ್ದೇಶ. ಅದೇ ಗುರುತು ಆಟದ ಮಾಹಿತಿಯೊಳಗೂ ಅಡಗಿದ್ದು, ಆಡಿಸುವ ಯಂತ್ರವು ಅದನ್ನೋದಿ, ತಂದೆತಾಯಿಗಳು ಮೊದಲೇ ಗೊತ್ತುಮಾಡಿದ ಮಿತಿಯೊಡನೆ ಹೋಲಿಸಿ, ಆಟವನ್ನು ತೆರೆಯುವುದು ಅಥವಾ ತಡೆಯುವುದು. ಮೊದಲನೆಯದನ್ನು ಈ ಲೇಖನದಲ್ಲಿ ವಯೋಮುದ್ರೆಯೆಂದೂ ಎರಡನೆಯದನ್ನು ಪೋಷಕ ನಿಯಂತ್ರಣವೆಂದೂ ಕರೆದಿದೆ. ಯಂತ್ರಕ್ಕೆ ಕನ್ಸೋಲ್ ಎಂಬ ಹೆಸರೇ ಜನರ ಬಾಯಲ್ಲಿ ನಿಂತುಹೋಗಿರುವುದರಿಂದ ಅದಕ್ಕೆ ಹೊಸತೊಂದು ಸಂಸ್ಕೃತ ಪದವನ್ನು ಕಟ್ಟುವ ಗೋಜಿಗೆ ನಾವು ಹೋಗಿಲ್ಲ.

ಈ ಎರಡನ್ನೂ ಒಂದೇ ಎಂದೆಣಿಸುವವರು ಹಲವರುಂಟು. ಆದರೆ ಮುದ್ರೆಯೆಂಬುದು ಒಂದು ಅಭಿಪ್ರಾಯ. ನಿಯಂತ್ರಣವೆಂಬುದು ಒಂದು ಬೀಗ. ಮುದ್ರೆಯೊತ್ತುವವರು ಆಟವನ್ನು ಬಲ್ಲರು, ಅದನ್ನಾಡುವ ಮಗುವನ್ನು ಅರಿಯರು. ಬೀಗ ಹಾಕುವವರು ಮಗುವನ್ನು ಬಲ್ಲರು, ಬಹುಮಟ್ಟಿಗೆ ಆಟವನ್ನು ಅರಿಯರು. ಈ ವ್ಯವಸ್ಥೆಯು ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಮುಖ್ಯವಾಗಿ ಅಮೆರಿಕದ ನಿದರ್ಶನದಿಂದಲೇ ವಿವರಿಸಬಹುದು. ಏಕೆಂದರೆ ಇಂದು ಲೋಕದ ನಾನಾ ಕಡೆಗಳಲ್ಲಿರುವ ಏರ್ಪಾಡುಗಳ ಗುಣದೋಷಗಳೆರಡೂ ಅಲ್ಲಿ ಸ್ಪಷ್ಟವಾಗಿ ತೋರಿಬಂದಿವೆ.

1992ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಎಂಬ ದ್ವಂದ್ವಯುದ್ಧದ ಆಟವು ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಪ್ರಚಾರಕ್ಕೆ ಬಂದಿತು. ನಿಜವಾದ ನಟರ ಛಾಯಾಚಿತ್ರಗಳಿಂದ ರಚಿತವಾದ ಆಕೃತಿಗಳು, ಸುರಿಯುವ ರಕ್ತ, ಸೋತವನನ್ನು ಕ್ರೂರವಾಗಿ ಕೊಲ್ಲುವ ಕೊನೆಯ ಪಟ್ಟು ಇವು ಅದರ ಆಕರ್ಷಣೆಗಳು. 1993ರ ಸೆಪ್ಟೆಂಬರ್ 13ರಂದು ಅದು ಮನೆಯ ಕನ್ಸೋಲುಗಳಿಗೆ ಇಳಿದಾಗ ಒಂದು ವಿಚಿತ್ರ ಸಂಗತಿ ನಡೆಯಿತು. ನಿಂಟೆಂಡೊ ಸಂಸ್ಥೆಯು ತನ್ನ ಯಂತ್ರದಲ್ಲಿ ರಕ್ತವನ್ನು ಕಾಣಿಸಕೂಡದೆಂದು ಹಟಹಿಡಿಯಲು, ರಕ್ತದ ಬದಲು ಬೂದುಬಣ್ಣದ ಬೆವರು ತೋರುವಂತೆ ಮಾಡಲಾಯಿತು. ಎದುರಾಳಿಯಾದ ಸೆಗಾ ಸಂಸ್ಥೆಯಾದರೋ ರಕ್ತವನ್ನು ಮೇಲ್ನೋಟಕ್ಕೆ ಮರೆಮಾಡಿತಾದರೂ, ಏಳು ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಅದು ಮರಳಿ ಬರುವಂತೆ ಬಿಟ್ಟಿತ್ತು. ಆ ಗುಪ್ತಕ್ರಮವು ಬಹುಬೇಗ ಹುಡುಗರೆಲ್ಲರಿಗೂ ಕಂಠಪಾಠವಾಯಿತು. ಸೆಗಾ ಸಂಸ್ಥೆಯು ಆ ವೇಳೆಗೆ ತನ್ನದೇ ಆದ ವರ್ಗೀಕರಣ ಮಂಡಲಿಯೊಂದನ್ನು ನಿರ್ಮಿಸಿ, ಈ ಆಟಕ್ಕೆ 13 ವರ್ಷಕ್ಕೆ ಮೇಲ್ಪಟ್ಟವರ ಗುರುತನ್ನು ಕೊಟ್ಟಿತ್ತು. ರಕ್ತವಿದ್ದ ಆವೃತ್ತಿಯೇ ಹೆಚ್ಚು ಮಾರಾಟವಾಯಿತು. ಸಂಯಮಕ್ಕೆ ನಷ್ಟ, ಎಚ್ಚರಿಕೆಯ ಚೀಟಿಗೆ ಲಾಭ! ವರ್ತಕರು ಈ ಪಾಠವನ್ನು ಮರೆಯಲಿಲ್ಲ. ಮರುವರ್ಷ ಆಟದ ಎರಡನೆಯ ಭಾಗವು ಬಂದಾಗ ನಿಂಟೆಂಡೊವಿನ ಯಂತ್ರದಲ್ಲಿಯೂ ರಕ್ತವು ಕೆಂಪಾಗಿಯೇ ಹರಿಯಿತು.

1993ರ ಡಿಸೆಂಬರ್ 9ರಂದು ಸೆನೆಟ್ ಸಭೆಯ ಉಪಸಮಿತಿಗಳ ಮುಂದೆ ಈ ವಿಷಯದ ವಿಚಾರಣೆಯು ನಡೆಯಿತು. ಕನೆಟಿಕಟ್ ಸಂಸ್ಥಾನದ ಜೋಸೆಫ್ ಲೀಬರ್‌ಮನ್ ಮತ್ತು ವಿಸ್ಕಾನ್ಸಿನ್ ಸಂಸ್ಥಾನದ ಹರ್ಬ್ ಕೋಲ್ ಎಂಬ ಇಬ್ಬರು ಸದಸ್ಯರು ಅದರ ಮುಂದಾಳುಗಳು. ‘ಮಾರ್ಟಲ್ ಕಾಂಬ್ಯಾಟ್’ ಒಂದು ಕಡೆ. ಇನ್ನೊಂದು ಕಡೆ ‘ನೈಟ್ ಟ್ರ್ಯಾಪ್’ ಎಂಬ, ಚಲಚ್ಚಿತ್ರದ ತುಣುಕುಗಳನ್ನು ಜೋಡಿಸಿ ಮಾಡಿದ ಆಟ. ಮನೆಯೊಂದರೊಳಗೆ ನುಗ್ಗುವ ರಕ್ತಪಿಪಾಸುಗಳಿಂದ ಅಲ್ಲಿರುವ ತರುಣಿಯರನ್ನು ಕಾಪಾಡುವುದು ಆಡುವವನ ಕೆಲಸವಾಗಿದ್ದರೂ, ಸಭೆಯಲ್ಲಿ ಅದು ಸ್ತ್ರೀಯರ ಮೇಲಣ ಹಿಂಸೆಯ ಆಟವೆಂದೇ ಖಂಡಿಸಲ್ಪಟ್ಟಿತು. ನಿಂಟೆಂಡೊ ಪಕ್ಷದ ಹೊವರ್ಡ್ ಲಿಂಕನ್ ಅವರು ಇಂಥ ಆಟವು ತಮ್ಮ ಯಂತ್ರದಲ್ಲಿ ಎಂದೆಂದಿಗೂ ಬಾರದೆಂದು ಹೇಳಿದರು. ದೊಡ್ಡ ಆಟಿಕೆ ಅಂಗಡಿಗಳು ಅದನ್ನು ಮಾರಾಟದಿಂದ ತೆಗೆದುವು. 1994ರ ಜನವರಿಯಲ್ಲಿ ಸೆಗಾ ತಾನೇ ಅದನ್ನು ಹಿಂತೆಗೆದುಕೊಂಡಿತು. ಅದೇ ಆಟವು 25 ವರ್ಷಗಳ ನೆನಪಿಗೆಂದು 2017ರಲ್ಲಿ ಪುನಃ ಪ್ರಕಟವಾದಾಗ ಅದಕ್ಕೆ ದೊರೆತುದು 13 ವರ್ಷಕ್ಕೆ ಮೇಲ್ಪಟ್ಟವರ ‘ಟಿ’ ಮುದ್ರೆ. 2018ರಲ್ಲಿ ಅದು ನಿಂಟೆಂಡೊವಿನ ಯಂತ್ರಕ್ಕೂ ಬಂದಿತು. ವಯೋಮುದ್ರೆಯು ಅಳತೆಗೋಲಿನಂತೆ ಸ್ಥಿರವಾದುದಲ್ಲ, ಕಾಲದ ರುಚಿಯೊಡನೆ ಸರಿಯತಕ್ಕುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉದ್ಯಮಿಗಳು ತಾವಾಗಿಯೇ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಸರ್ಕಾರವೇ ಮಾಡುವುದೆಂಬ ಬೆದರಿಕೆ ಲೀಬರ್‌ಮನ್ನರ ಮಸೂದೆಯ ರೂಪದಲ್ಲಿ 1994ರ ಫೆಬ್ರವರಿಯಲ್ಲಿ ಮುಂದೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉದ್ಯಮಿಗಳ ಸಂಘವು ಇ.ಎಸ್.ಆರ್.ಬಿ. ಎಂಬ ಮಂಡಲಿಯನ್ನು ಸ್ಥಾಪಿಸಿತು. ಶಿಕ್ಷಣತಜ್ಞರಾದ ಆರ್ಥರ್ ಪೋಬರ್ ಅದರ ಮೊದಲ ಮುಖ್ಯಸ್ಥರು. ಹೀಗೆ ಈ ಮಂಡಲಿಯು ರಾಜಶಾಸನದಿಂದ ಹುಟ್ಟಿದುದಲ್ಲ, ರಾಜಶಾಸನದ ಭಯದಿಂದ ಹುಟ್ಟಿದುದು. ಎಲ್ಲರಿಗೂ ಸಲ್ಲುವ ‘ಇ’, 10 ವರ್ಷ ಮೇಲ್ಪಟ್ಟವರ ‘ಇ 10’, 13 ಮೇಲ್ಪಟ್ಟವರ ‘ಟಿ’, 17 ಮೇಲ್ಪಟ್ಟವರ ‘ಎಂ’, 18 ಮೇಲ್ಪಟ್ಟವರ ‘ಎ.ಓ.’ ಎಂಬ ಐದು ಅದರ ಈಗಿನ ಮುಖ್ಯ ವರ್ಗಗಳು. ಇವುಗಳಲ್ಲಿ ‘ಇ 10’ ಎಂಬುದು 2005ರಲ್ಲಿ ಸೇರಿದುದು. ತೀರ ಎಳೆಯ ಮಕ್ಕಳಿಗಾಗಿ ಇದ್ದ ‘ಇ.ಸಿ.’ ಎಂಬ ವರ್ಗವನ್ನು 2018ರಲ್ಲಿ ಕೈಬಿಟ್ಟರು.

ಮುದ್ರೆಯನ್ನು ನಿರ್ಣಯಿಸುವ ರೀತಿಯನ್ನು ಕೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಪೆಟ್ಟಿಗೆಯಲ್ಲಿ ಮಾರುವ ಆಟವಾದರೆ ಪ್ರಕಾಶಕರು ಉದ್ದವಾದ ಪ್ರಶ್ನಾವಳಿಯೊಂದಕ್ಕೆ ಉತ್ತರ ಬರೆದು, ಆಟದಲ್ಲಿ ಆಕ್ಷೇಪಕ್ಕೆ ಎಡೆಯಿರುವ ಭಾಗಗಳನ್ನೆಲ್ಲ ತೋರಿಸುವ ದೃಶ್ಯಮುದ್ರಿಕೆಯೊಂದನ್ನು ಕಳುಹಿಸಬೇಕು. ಕಡಮೆಯೆಂದರೆ ಮೂವರು ಪರೀಕ್ಷಕರು ಅದನ್ನು ನೋಡಿ ವರ್ಗವನ್ನು ಸೂಚಿಸುತ್ತಾರೆ. ಅವರು ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ನೋಡುವುದಿಲ್ಲ. ನೂರು ಗಂಟೆಗಳಷ್ಟು ಹರಡಿಕೊಂಡ ಆಟಗಳು ಹೊರಡುತ್ತಿರುವ ಕಾಲದಲ್ಲಿ ಇದು ಅನಿವಾರ್ಯವೆಂದು ವಾದಿಸಬಹುದು. ಆದರೆ ಜರ್ಮನಿಯಲ್ಲಿ ಯು.ಎಸ್.ಕೆ. ಎಂಬ ಸಂಸ್ಥೆಯ ಪರೀಕ್ಷಕರು ಆಟವನ್ನು ತಾವೇ ಆಡಿ, ಬಾಲರಕ್ಷಣೆಯ ತಜ್ಞರ ಸಮಿತಿಯ ಮುಂದೆ ಅದನ್ನು ವಿವರಿಸುತ್ತಾರೆ. ಅಲ್ಲಿ ಸಂಸ್ಥಾನ ಸರ್ಕಾರಗಳ ಪ್ರತಿನಿಧಿಯೂ ಕುಳಿತಿರುತ್ತಾನೆ. 2003ರಿಂದ ಆ ಮುದ್ರೆಗೆ ಕಾನೂನಿನ ಬಲವೂ ಇದೆ. ಅನಿವಾರ್ಯವೆಂಬ ವಾದವು ಆದಕಾರಣ ಅಷ್ಟು ಗಟ್ಟಿಯಾದುದಲ್ಲ. ಅಂತರಜಾಲದ ಮೂಲಕ ಮಾತ್ರ ಮಾರುವ ಅಸಂಖ್ಯಾತ ಆಟಗಳಿಗೆ 2013ರಲ್ಲಿ ಆರಂಭವಾದ ಐ.ಎ.ಆರ್.ಸಿ. ಎಂಬ ಏರ್ಪಾಡಿದೆ: ಕರ್ತೃವು ಒಂದು ಪ್ರಶ್ನಾವಳಿಯನ್ನು ತುಂಬಿದರೆ ಗಣಕವೇ ಆಯಾ ಪ್ರದೇಶದ ಮುದ್ರೆಯನ್ನು ಕ್ಷಣದಲ್ಲಿ ಕೊಡುತ್ತದೆ. ಮನುಷ್ಯನ ಪರಿಶೀಲನೆಯೇನಿದ್ದರೂ ಆಮೇಲೆ.

ಪ್ರಕಾಶಕರ ಮಾತನ್ನೇ ನಂಬಿ ನಡೆಯುವ ಪದ್ಧತಿಯ ಅಪಾಯವು 2005ರಲ್ಲಿ ಬಯಲಾಯಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಎಂಬ ಆಟವು 2004ರ ಅಕ್ಟೋಬರಿನಲ್ಲಿ ‘ಎಂ’ ಮುದ್ರೆಯೊಡನೆ ಹೊರಬಂದಿತ್ತು. ಅದರ ಕರ್ತೃಗಳು ಬರೆದು, ಬಳಿಕ ಬೇಡವೆಂದು ಮುಚ್ಚಿದ ಕಾಮಸಂಬಂಧವಾದ ಒಂದು ಭಾಗವು ತಟ್ಟೆಯೊಳಗೆ ಹಾಗೆಯೇ ಉಳಿದಿತ್ತು. ಹವ್ಯಾಸಿಗಳು ಅದರ ಕದವನ್ನು ತೆರೆಯುವ ಉಪಾಯವನ್ನು ಕಂಡುಹಿಡಿದು ಲೋಕಕ್ಕೆ ಹಂಚಿದರು. 2005ರ ಜುಲೈ 20ರಂದು ಮಂಡಲಿಯು ‘ಎಂ’ ಮುದ್ರೆಯನ್ನು ರದ್ದುಮಾಡಿ ‘ಎ.ಓ.’ ಮುದ್ರೆಯನ್ನೊತ್ತಿತು. ‘ಎಂ’ ಎಂದರೆ 17, ‘ಎ.ಓ.’ ಎಂದರೆ 18. ಅಂತರವು ಒಂದೇ ವರ್ಷ! ಆದರೆ ಫಲದಲ್ಲಿ ಭೂಮ್ಯಾಕಾಶಗಳ ಅಂತರ. ಕನ್ಸೋಲುಗಳನ್ನು ತಯಾರಿಸುವ ಸಂಸ್ಥೆಗಳು ‘ಎ.ಓ.’ ಆಟಗಳನ್ನು ತಮ್ಮ ಯಂತ್ರಗಳಿಗೆ ಸೇರಿಸುವುದಿಲ್ಲ. ದೊಡ್ಡ ಅಂಗಡಿಗಳು ಮಾರುವುದಿಲ್ಲ. ಅಂಗಡಿಗಳವರು ಪೆಟ್ಟಿಗೆಗಳನ್ನು ಸಾಲುಗಳಿಂದ ಇಳಿಸಿದರು. ಪ್ರಕಾಶಕರು ಆ ಭಾಗವನ್ನು ಕಿತ್ತುಹಾಕಿದ ಹೊಸ ಆವೃತ್ತಿಯನ್ನು ತರಬೇಕಾಯಿತು. ತಟ್ಟೆಯಲ್ಲಿ ಅಡಗಿಕೊಂಡಿರುವುದನ್ನೂ ಹೇಳಬೇಕೆಂಬ ನಿಯಮವು ಆ ಬಳಿಕ ಬಂದಿತು. ಮುಚ್ಚಿಟ್ಟವರಿಗೆ ಹತ್ತು ಲಕ್ಷ ಡಾಲರುಗಳವರೆಗೆ ದಂಡ ವಿಧಿಸುವ ಅಧಿಕಾರವನ್ನೂ ಮಂಡಲಿಯು ಇಟ್ಟುಕೊಂಡಿದೆ. ಸರ್ಕಾರದ ಮುದ್ರೆಯಲ್ಲದ ಈ ಮುದ್ರೆಗೆ ಬಲವು ಬಂದುದು ಹೀಗೆ, ಮಾರುಕಟ್ಟೆಯ ಬಾಗಿಲನ್ನು ಕಾಯುವವರ ಒಪ್ಪಂದದಿಂದ.

ಅಂಗಡಿಗಳಲ್ಲಿ ಈ ಮುದ್ರೆಗೆ ಎಷ್ಟು ಬೆಲೆಯಿತ್ತು? ಅಮೆರಿಕದ ವ್ಯಾಪಾರ ಆಯೋಗವು ಹದಿನೇಳು ತುಂಬದ ಹುಡುಗರನ್ನು ಗಿರಾಕಿಗಳಂತೆ ಅಂಗಡಿಗಳಿಗೆ ಕಳುಹಿಸಿ ಪರೀಕ್ಷೆ ಮಾಡಿಸುತ್ತಿತ್ತು. 2000ದಲ್ಲಿ ಅವರಲ್ಲಿ ನೂರಕ್ಕೆ 85 ಮಂದಿಗೆ ‘ಎಂ’ ಆಟವನ್ನು ಕೊಳ್ಳುವುದು ಸಾಧ್ಯವಾಗಿತ್ತು. 2013ರಲ್ಲಿ ಆ ಸಂಖ್ಯೆ 13ಕ್ಕೆ ಇಳಿದಿತ್ತು. ಅದೇ ವರ್ಷ ಇಂಥದೇ ನಿರ್ಬಂಧವುಳ್ಳ ಚಲಚ್ಚಿತ್ರಗಳಿಗೆ ಟಿಕೆಟು ದೊರಕಿಸಿಕೊಂಡವರು ನೂರಕ್ಕೆ 24. ಶಾಸನವಿಲ್ಲದೆಯೂ ಇಷ್ಟು ನಡೆಯಿತೆಂಬುದನ್ನು ಒಪ್ಪಬೇಕು.

ಶಾಸನದ ಪ್ರಯತ್ನವೂ ನಡೆಯದಿರಲಿಲ್ಲ. ಕ್ಯಾಲಿಫೋರ್ನಿಯ ಸಂಸ್ಥಾನವು 2005ರಲ್ಲಿ, ಅತಿಹಿಂಸೆಯ ಆಟಗಳನ್ನು ಹದಿನೆಂಟು ತುಂಬದವರಿಗೆ ಮಾರಿದವರಿಗೆ ಸಾವಿರ ಡಾಲರುಗಳವರೆಗೆ ದಂಡವೆಂದು ಕಾಯಿದೆ ಮಾಡಿತು. 2011ರ ಜೂನ್ 27ರಂದು ಸುಪ್ರೀಂ ಕೋರ್ಟು ಏಳು ಮಂದಿಯ ಬಹುಮತದಿಂದ ಅದನ್ನು ತಳ್ಳಿಹಾಕಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಕಾಲಿಯರ ವಾದಸರಣಿಯು ಓದತಕ್ಕುದು. ಆಟಗಳೂ ಗ್ರಂಥಗಳಂತೆಯೇ ವಾಕ್‌ಸ್ವಾತಂತ್ರ್ಯದ ರಕ್ಷಣೆಗೆ ಪಾತ್ರವೆಂದು ಹೇಳಿ, ಮಕ್ಕಳಿಗಾಗಿ ನಾವೇ ಓದಿ ಹೇಳುವ ಗ್ರಿಮ್ ಸಹೋದರರ ಕಥೆಗಳಲ್ಲಿ ದುಷ್ಟರಾಣಿಯು ಕಾದ ಪಾದರಕ್ಷೆಗಳನ್ನು ತೊಟ್ಟು ಸಾಯುವವರೆಗೆ ಕುಣಿಯಬೇಕಾದುದನ್ನು ಅವರು ನೆನಪಿಗೆ ತಂದರು. ಕಾಯಿದೆಯು ತಂದೆತಾಯಿಗಳಿಗೆ ನೆರವಾಗುವುದೆಂಬ ಸಮರ್ಥನೆಗೆ ಅವರ ಉತ್ತರವು ಇನ್ನೂ ತೀಕ್ಷ್ಣವಾದುದು: ಹಾಗೆ ತಡೆಯಲ್ಪಡುವ ಮಕ್ಕಳೆಲ್ಲರ ತಂದೆತಾಯಿಗಳೂ ತಡೆಯನ್ನು ಬಯಸುವರೆಂದು ಹೇಳುವುದೆಂತು? ಭಿನ್ನಮತ ಕೊಟ್ಟ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬ್ರೈಯರ್ ಅವರ ಪ್ರಶ್ನೆಯೂ ಸುಲಭವಾಗಿ ತಳ್ಳತಕ್ಕುದಲ್ಲ. ನಗ್ನಚಿತ್ರವಿರುವ ಪತ್ರಿಕೆಯನ್ನು ಹದಿಮೂರರ ಹುಡುಗನಿಗೆ ಮಾರದಂತೆ ತಡೆಯಬಹುದಾದರೆ, ಹೆಂಗಸೊಬ್ಬಳನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟವನ್ನು ಏಕೆ ತಡೆಯಬಾರದು? ನಮ್ಮ ಮಟ್ಟಿಗೆ, ತೀರ್ಪಿನ ನ್ಯಾಯವು ಬಹುಮತದ ಕಡೆಗಿದ್ದರೂ ಈ ಪ್ರಶ್ನೆಯು ಉತ್ತರ ದೊರೆಯದೆಯೇ ಉಳಿದಿದೆಯೆಂದು ತೋರುತ್ತದೆ. ಅದೇನೇ ಇರಲಿ, ಆ ತೀರ್ಪಿನಿಂದ ಅಮೆರಿಕದಲ್ಲಿ ಸರ್ಕಾರದ ದಾರಿ ಮುಚ್ಚಿತು. ಉಳಿದುದು ಮನೆಯ ಬೀಗ.

ಈ ಬೀಗವು 2001ರಲ್ಲಿ ಬಂದ ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಯಂತ್ರದಲ್ಲಿಯೇ ಇದ್ದಿತು. 2005-06ರ ತಲೆಮಾರಿನ ಎಕ್ಸ್‌ಬಾಕ್ಸ್ 360, ನಿಂಟೆಂಡೊ ವೀ, ಪ್ಲೇಸ್ಟೇಷನ್ 3 ಇವುಗಳಲ್ಲೆಲ್ಲ ಅದು ಸಾಮಾನ್ಯವಾಯಿತು. ಅದರ ತತ್ತ್ವವು ಬಹು ಸರಳ. ತಂದೆಯೋ ತಾಯಿಯೋ ನಾಲ್ಕಂಕೆಯ ರಹಸ್ಯಸಂಖ್ಯೆಯೊಂದನ್ನಿಟ್ಟು ವಯಸ್ಸಿನ ಮಿತಿಯನ್ನು ಗೊತ್ತುಮಾಡುತ್ತಾರೆ; ಆಟದ ಮುದ್ರೆಯು ಆ ಮಿತಿಯನ್ನು ಮೀರಿದ್ದರೆ ಸಂಖ್ಯೆಯನ್ನು ಕೇಳದೆ ಯಂತ್ರವು ಆಟವನ್ನು ತೆರೆಯದು. ಬಳಿಕ ಆಡುವ ಕಾಲದ ಮಿತಿ, ಹಣ ವೆಚ್ಚಮಾಡುವ ಮಿತಿ, ಅಪರಿಚಿತರೊಡನೆ ಮಾತನಾಡುವ ಮಿತಿ ಇವು ಒಂದೊಂದಾಗಿ ಸೇರಿದುವು. 2017ರ ನಿಂಟೆಂಡೊ ಸ್ವಿಚ್ ಯಂತ್ರದಲ್ಲಿ ಬೀಗದ ಕೈಯು ಯಂತ್ರದಿಂದ ಹೊರಗೆ, ತಂದೆತಾಯಿಗಳ ಮೊಬೈಲಿಗೆ ಬಂದಿತು. ಮಗುವು ಯಾವ ಆಟವನ್ನು ಎಷ್ಟು ಹೊತ್ತು ಆಡಿತೆಂಬ ಲೆಕ್ಕವು ಅಲ್ಲಿಗೇ ಬರುತ್ತದೆ. ಗೊತ್ತಾದ ಹೊತ್ತು ಮೀರಿದರೆ ಯಂತ್ರವು ಮೊದಲಿಗೆ ಎಚ್ಚರಿಕೆಯನ್ನು ಮಾತ್ರ ತೋರಿಸುತ್ತದೆ. ಆಟವನ್ನು ಅಲ್ಲಿಗೇ ನಿಲ್ಲಿಸಬೇಕಾದರೆ ಅದನ್ನು ಬೇರೆಯಾಗಿ ಆರಿಸಿಕೊಳ್ಳಬೇಕು. ತಯಾರಕರ ಈ ಆಯ್ಕೆಯು ವಿವೇಕದ್ದೆಂದು ನಮ್ಮ ಅಭಿಪ್ರಾಯ. ನಡುವೆಯೇ ಆಟವನ್ನು ಕತ್ತರಿಸಿದರೆ ಉಳಿಯುವುದು ಜಗಳವೊಂದೇ.

ಅದೇ ಯಂತ್ರದಲ್ಲಿ, ಯಾವ ದೇಶದ ಮಂಡಲಿಯ ಮುದ್ರೆಯನ್ನು ಪ್ರಮಾಣವಾಗಿಟ್ಟುಕೊಳ್ಳಬೇಕೆಂಬುದನ್ನೂ ಮನೆಯವರೇ ಆರಿಸಬಹುದು. ಇದು ಸಣ್ಣ ಮಾತಲ್ಲ. ಹಿಂಸೆಯ ವಿಷಯದಲ್ಲಿ ಒಂದು ದೇಶಕ್ಕೆ ಬಿಗಿ, ನಗ್ನತೆಯ ವಿಷಯದಲ್ಲಿ ಇನ್ನೊಂದಕ್ಕೆ ಬಿಗಿ. 2023ರಲ್ಲಿ ಬಂದ ‘ಇ.ಎ. ಸ್ಪೋರ್ಟ್ಸ್ ಎಫ್.ಸಿ. 24’ ಎಂಬ ಕಾಲ್ಚೆಂಡಾಟವನ್ನು ನೋಡಿರಿ. ಅದರಲ್ಲಿ ರಕ್ತವಿಲ್ಲ, ಬೈಗುಳಿಲ್ಲ. ಅಮೆರಿಕದಲ್ಲಿ ಅದು ಎಲ್ಲರಿಗೂ ಸಲ್ಲುವ ‘ಇ’. ಯೂರೋಪಿನ ಬಹುದೇಶಗಳಿಗೆ ಸಾಮಾನ್ಯವಾಗಿ 2003ರಿಂದ ನಡೆದುಬಂದಿರುವ ಪೆಗಿ ಪದ್ಧತಿಯಲ್ಲಿ 3. ಜರ್ಮನಿಯಲ್ಲಿ ಮಾತ್ರ 12. ಕಾರಣವೇನೆಂದರೆ, 2023ರ ಜನವರಿಯಿಂದ ಜರ್ಮನಿಯ ಸಂಸ್ಥೆಯು ಆಟದೊಳಗೆ ಏನು ಕಾಣುತ್ತದೆಂಬುದನ್ನಷ್ಟೇ ಅಲ್ಲದೆ, ಆಟವು ಆಡುವವನನ್ನು ಹೇಗೆ ನಡೆಸಿಕೊಳ್ಳುತ್ತದೆಂಬುದನ್ನೂ ತೂಗತೊಡಗಿತು. ಆಟಗಾರರ ಚೀಟಿಗಳು ತುಂಬಿದ ಮುಚ್ಚಿದ ಕಟ್ಟುಗಳನ್ನು ಈ ಕಾಲ್ಚೆಂಡಾಟದಲ್ಲಿ ನಿಜವಾದ ಹಣಕ್ಕೆ ಮಾರುತ್ತಾರೆ. ಒಳಗೆ ಯಾವ ಆಟಗಾರನಿರುವನೆಂಬುದು ತೆರೆದ ಮೇಲೆಯೇ ಗೊತ್ತು. ಜಾತ್ರೆಯಲ್ಲಿ ಮಕ್ಕಳು ಕಾಸು ಕೊಟ್ಟು ಚೀಟಿಯೆತ್ತುವುದನ್ನು ಕಂಡವರಿಗೆ ಇದರ ಸ್ವಭಾವವನ್ನು ವಿವರಿಸಬೇಕಾದುದಿಲ್ಲ. ಜಾತ್ರೆಯು ವರ್ಷಕ್ಕೊಮ್ಮೆ, ಇದು ದಿನವೂ ಎಂಬುದೊಂದೇ ಭೇದ. ಬೆಲ್ಜಿಯಮ್ ದೇಶವು 2018ರಲ್ಲಿಯೇ ಇಂಥ ಕಟ್ಟುಗಳನ್ನು ಜೂಜೆಂದು ತೀರ್ಮಾನಿಸಿತ್ತು. ಆಸ್ಟ್ರೇಲಿಯವು 2024ರ ಸೆಪ್ಟೆಂಬರಿನಿಂದ ಇವುಗಳಿಗಾಗಿಯೇ ವರ್ಗವನ್ನು ಏರಿಸುತ್ತಿದೆ. ಅಮೆರಿಕದ ಮಂಡಲಿಯು 2020ರಿಂದ ಇದನ್ನು ಪೆಟ್ಟಿಗೆಯ ಮೇಲೆ ಬರೆಯಿಸುತ್ತದೆಯೇ ಹೊರತು ಅಕ್ಷರವನ್ನು ಬದಲಾಯಿಸುವುದಿಲ್ಲ.

ನಮ್ಮ ವಿಚಾರದ ತಿರುಳು ಇಲ್ಲಿಯೇ ಇದೆ. ವಯೋಮುದ್ರೆಯು 1993ರ ಭಯದಿಂದ ಹುಟ್ಟಿದುದರಿಂದ ಅದು ದೃಶ್ಯಗಳನ್ನು ಅಳೆಯಲು ಕಲಿತಿತು: ರಕ್ತವೆಷ್ಟು, ಬಟ್ಟೆಯೆಷ್ಟು, ಬೈಗುಳೆಷ್ಟು. ಆಗ ಆಟವು ಮುಗಿದ ವಸ್ತು. ಪೆಟ್ಟಿಗೆಯಲ್ಲಿದ್ದುದೇ ಕೊನೆಯವರೆಗೂ ಇರುತ್ತಿತ್ತು. ಈಗಿನ ಆಟವು ಒಂದು ಸಂತೆಯಂತೆ. ಅಲ್ಲಿ ಯಾರು ಬಂದು ಏನು ಮಾತನಾಡುವರೆಂಬುದನ್ನು ಪರೀಕ್ಷಕರು ಮುಂಚಿತವಾಗಿ ನೋಡಲಾರರು. ಅದರಿಂದಲೇ ಅಮೆರಿಕದ ಮಂಡಲಿಯು, ಅಂತರಜಾಲದಲ್ಲಿ ಆಡುವವರ ಪರಸ್ಪರ ವ್ಯವಹಾರಕ್ಕೆ ತಾನು ಮುದ್ರೆಯೊತ್ತಿಲ್ಲವೆಂದು ತಾನೇ ಸಾರಿಕೊಳ್ಳುತ್ತದೆ. 2017ರಲ್ಲಿ ಆರಂಭವಾದ ‘ಫೋರ್ಟ್‌ನೈಟ್’ ಆಟಕ್ಕೆ ಅಲ್ಲಿ ‘ಟಿ’ ಮುದ್ರೆ. ದೃಶ್ಯಗಳ ಮಟ್ಟಿಗೆ ಅದು ಸರಿಯಾದ ಮುದ್ರೆಯೇ. ಆದರೆ 2022ರ ಡಿಸೆಂಬರಿನಲ್ಲಿ ವ್ಯಾಪಾರ ಆಯೋಗವು ಅದರ ಒಡೆಯರಾದ ಎಪಿಕ್ ಗೇಮ್ಸ್ ಸಂಸ್ಥೆಯ ಮೇಲೆ ಹೊರಿಸಿದ ಆರೋಪಗಳು ದೃಶ್ಯಗಳನ್ನು ಕುರಿತವಲ್ಲ. ಎಳೆಯರೂ ಅಪರಿಚಿತರೂ ಜೊತೆಗೂಡಿ ಆಡುವ ಆ ಆಟದಲ್ಲಿ ಮಾತಿನ ಸೌಕರ್ಯವು ಯಾರೂ ಕೇಳದೆ ತಾನಾಗಿಯೇ ತೆರೆದಿದ್ದಿತು. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಹದಿಮೂರಕ್ಕೆ ಕೆಳಗಿನ ಮಕ್ಕಳ ಮಾಹಿತಿಯನ್ನು ಕೂಡಿಹಾಕಲಾಗಿತ್ತು. ಗುಂಡಿಗಳ ಗೊಂದಲದಿಂದ ಬೇಡದ ಕೊಳ್ಳುವಿಕೆಗಳು ನಡೆದಿದ್ದುವು. ಇವೇ ಆ ಆರೋಪಗಳು. ದಂಡವಾಗಿ 27.5 ಕೋಟಿ, ಗಿರಾಕಿಗಳಿಗೆ ಮರಳಿಸಲು 24.5 ಕೋಟಿ, ಒಟ್ಟು 52 ಕೋಟಿ ಡಾಲರುಗಳಿಗೆ ವ್ಯಾಜ್ಯವು ತೀರಿತು. ಇಷ್ಟೆಲ್ಲ ನಡೆದರೂ ಪೆಟ್ಟಿಗೆಯ ಮೇಲಣ ಅಕ್ಷರದಲ್ಲಿ ಒಂದು ಗೆರೆಯೂ ಬದಲಾಗಬೇಕಾಗಿರಲಿಲ್ಲ. ಏಕೆಂದರೆ ಆ ಅಕ್ಷರವು ಇವುಗಳಲ್ಲಿ ಯಾವುದನ್ನೂ ಅಳೆಯುವುದಿಲ್ಲ.

ಹೀಗೆ ಮುದ್ರೆಯು ಅಳೆಯಲಾರದುದನ್ನು ಬೀಗದ ಮೇಲೆ ಹೊರಿಸಿದ್ದಾರೆ. 2025ರಲ್ಲಿ ಬಂದ ಸ್ವಿಚ್ 2 ಯಂತ್ರದಲ್ಲಿ ಹದಿನಾರು ತುಂಬದವರು ಮಾತುಕತೆಯ ಸೌಕರ್ಯವನ್ನು ಬಳಸಬೇಕಾದರೆ ಪೋಷಕರು ಮೊಬೈಲಿನಿಂದ ಒಪ್ಪಿಗೆ ಕೊಡಬೇಕೆಂದಿರುವುದು ಈ ದಾರಿಯಲ್ಲಿ ಒಳ್ಳೆಯ ಹೆಜ್ಜೆ. ಇಲ್ಲಿ ಕೇಳದಿದ್ದರೆ ಬೀಗವು ಮುಚ್ಚಿಯೇ ಇರುವುದು. ಫೋರ್ಟ್‌ನೈಟಿನಲ್ಲಿ ಕೇಳದಿದ್ದರೆ ತೆರೆದೇ ಇದ್ದಿತು. ತಂದೆತಾಯಿಗಳಲ್ಲಿ ಬಹುಮಂದಿ ಬೀಗದ ಬಳಿಗೆ ಹೋಗುವವರೇ ಅಲ್ಲವಾದುದರಿಂದ, ಅದು ಮೊದಲಿಗೆ ಯಾವ ಸ್ಥಿತಿಯಲ್ಲಿರುವುದೆಂಬುದೇ ಮುಖ್ಯವಾದ ಮಾತು. ಬೀಗವನ್ನು ಮುರಿಯುವ ಉಪಾಯಗಳಂತೂ ಮಕ್ಕಳಿಗೆ ತಿಳಿಯದವಲ್ಲ: ಖಾತೆಯನ್ನು ತೆರೆಯುವಾಗ ಹುಟ್ಟಿದ ವರ್ಷವನ್ನು ಹಿಂದಕ್ಕೆ ಸರಿಸುವುದು, ಅಣ್ಣನ ಖಾತೆಯಲ್ಲಿ ಆಡುವುದು, ನಾಲ್ಕಂಕೆಗಳನ್ನು ಒತ್ತುವಾಗ ಅಪ್ಪನ ಹೆಬ್ಬೆರಳನ್ನು ಓರೆಗಣ್ಣಿನಿಂದ ನೋಡುವುದು. ಮನೆಗೆ ಹೊಸ ಯಂತ್ರವು ಬಂದಾಗ ಅದನ್ನು ಜೋಡಿಸಿ ಮೊದಲ ಪ್ರಶ್ನೆಗಳಿಗೆ ಉತ್ತರ ಕೊಡುವವನು ಮನೆಯ ಹಿರಿಯನಲ್ಲ, ಹತ್ತು ವರ್ಷದ ಹುಡುಗನೇ ಎಂಬುದನ್ನೂ ಮರೆಯಬಾರದು.

ರಾಜಾಜ್ಞೆಯಿಂದಲೇ ಕಾಲವನ್ನು ಅಳೆದುಕೊಟ್ಟ ದೇಶಗಳೂ ಉಂಟು. ದಕ್ಷಿಣ ಕೊರಿಯವು 2011ರಿಂದ ಹದಿನಾರು ತುಂಬದವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಅಂತರಜಾಲದ ಆಟವನ್ನು ನಿಷೇಧಿಸಿ, 2022ರ ಜನವರಿಯಲ್ಲಿ ಆ ಕಟ್ಟಳೆಯನ್ನು ತಾನೇ ಕೈಬಿಟ್ಟಿತು. ಚೀನವು 2021ರಲ್ಲಿ ಹದಿನೆಂಟು ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗಿನ ಒಂದು ಗಂಟೆಯನ್ನು ಮಾತ್ರ ಬಿಟ್ಟುಕೊಟ್ಟಿತು. ಇವುಗಳ ವಿಚಾರವು ಬೇರೆಯೇ ಲೇಖನಕ್ಕೆ ತಕ್ಕುದು.

ಭಾರತದ ಮಾತನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಇಲ್ಲಿ ಚಲಚ್ಚಿತ್ರಗಳಿಗೆ 1952ರ ಶಾಸನದ ಮಂಡಲಿಯಿದ್ದು, 2023ರ ತಿದ್ದುಪಡಿಯಿಂದ ಅದರ ನಡುವಣ ವರ್ಗವು 7, 13, 16 ಎಂಬ ಮೂರು ಮೆಟ್ಟಿಲುಗಳಾಗಿದೆ. ಗೂಗಲ್ ಪ್ಲೇ ಅಂಗಡಿಯಿಂದ ಮೊಬೈಲಿಗೆ ಇಳಿಸಿಕೊಳ್ಳುವ ಆಟದ ಮೇಲಾದರೋ ಗಣಕವು ಪ್ರಶ್ನಾವಳಿಯಿಂದ ತೆಗೆದ ಐ.ಎ.ಆರ್.ಸಿ.ಯ 3, 7, 12, 16, 18 ಎಂಬ ಅಂಕೆಗಳಿರುತ್ತವೆ. ಹನ್ನೆರಡು ತುಂಬಿದ ಮಗುವು ಆಟದ ಅಂಗಡಿಯಲ್ಲಿ ಒಂದು ಮೆಟ್ಟಿಲನ್ನು ಹತ್ತಿದುದಾಗಿಯೂ, ಚಿತ್ರಮಂದಿರದಲ್ಲಿ ಅದೇ ಮೆಟ್ಟಿಲಿಗೆ ಇನ್ನೂ ಒಂದು ವರ್ಷ ಕಾಯಬೇಕಾದುದಾಗಿಯೂ ಇದೆ.